ತೆರಿಗೆ ಜಾಸ್ತಿ ಮಾಡಿ, ಲೆಕ್ಕಾನೂ ಕೊಡಿ

ಫೆಬ್ರವರಿ ಒಂದನೇ ತಾರೀಖು ಬಂದ್ರೆ ಸಾಕು, ನಮ್ಮ ಐಟಿ ಮಂದಿ ಎಲ್ಲಾ ಅರ್ಥಶಾಸ್ತ್ರಜ್ಞರಾಗಿಬಿಡ್ತೀವಿ. ವಾಟ್ಸಾಪ್ ತುಂಬಾ ಒಂದೇ ಮಾತು: "ನಾವು ಶೇ 30 ಟ್ಯಾಕ್ಸ್ ಕಟ್ತೀವಿ, ನಮಗೆ ಸಿಗೋದೇನು? ಗುಂಡಿ ಬಿದ್ದ ರಸ್ತೆ." ಇಷ್ಟು ಹೇಳಿದ ಮೇಲೆ ಮುಂದಿನ ಸಾಲು ತಾನಾಗೇ ಬರುತ್ತೆ: "ತೆರಿಗೆ ಕಮ್ಮಿ ಮಾಡಿ."

ಮೊದಲನೇ ಸಾಲಿನ ಸಿಟ್ಟು ನನಗೂ ಇದೆ. ನನ್ನ ತಕರಾರು ಎರಡನೇ ಸಾಲಿನ ಬಗ್ಗೆ. ರಸ್ತೆ ಸರಿ ಇಲ್ಲ, ಆಸ್ಪತ್ರೆ ಸರಿ ಇಲ್ಲ, ಸರ್ಕಾರಿ ಶಾಲೆ ಸರಿ ಇಲ್ಲ, ಹಾಗಾಗಿ ಅವಕ್ಕೆ ಹೋಗೋ ದುಡ್ಡನ್ನೇ ಕಮ್ಮಿ ಮಾಡಿ ಅನ್ನೋದು ಯಾವ ಸೀಮೆ ಲಾಜಿಕ್ಕು? ಸರ್ವರ್ ನಿಧಾನ ಆಗಿದೆ ಅಂತ ಅದರಲ್ಲಿರೋ ಮೆಮೊರಿನೂ ಕಿತ್ತು ಹಾಕ್ತೀರಾ?

ನೇರವಾಗಿ ಹೇಳಿಬಿಡ್ತೀನಿ. ಆದಾಯ ತೆರಿಗೆ ಜಾಸ್ತಿ ಆಗಬೇಕು. ಬಡವರ ಮೇಲಲ್ಲ, ಈಗಷ್ಟೇ ಕೆಲಸಕ್ಕೆ ಸೇರಿದ ಫ್ರೆಶರ್ ಮೇಲೂ ಅಲ್ಲ. ಚೆನ್ನಾಗಿ ಸಂಪಾದಿಸ್ತಿರೋ ನಮ್ಮಂಥವರ ಮೇಲೆ ಸ್ವಲ್ಪ, ನಮಗಿಂತ ಬಹಳ ಮೇಲಿರೋರ ಮೇಲೆ ಬಹಳ. ಆ ದುಡ್ಡು ಆಸ್ಪತ್ರೆಗೆ, ಶಾಲೆಗೆ, ಬಸ್ಸಿಗೆ ಹೋಗಬೇಕು. ಹೋಯ್ತೋ ಇಲ್ವೋ ಅಂತ ನಾವು ಕೇಳಬೇಕು.

ಮೊದಲು ಆ "ಶೇ 30" ಅನ್ನೋ ಮಾತನ್ನೇ ನೋಡೋಣ. 2025ರ ಬಜೆಟ್ ಆದ ಮೇಲೆ ಹೊಸ ಪದ್ಧತಿಯಲ್ಲಿ ಸಂಬಳದಾರರು ವರ್ಷಕ್ಕೆ 12.75 ಲಕ್ಷದವರೆಗೆ ಒಂದು ರೂಪಾಯಿನೂ ಕಟ್ಟಬೇಕಿಲ್ಲ. 30 ಲಕ್ಷ ಸಂಬಳ ಇರೋರ ಲೆಕ್ಕ ಹಾಕಿ. 75 ಸಾವಿರ ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದು, ಸ್ಲ್ಯಾಬ್ ಪ್ರಕಾರ ಹೋದ್ರೆ ತೆರಿಗೆ 4,57,500 ರೂಪಾಯಿ. ಶೇ 4 ಸೆಸ್ ಸೇರಿಸಿದ್ರೆ 4,75,800. ಅಂದ್ರೆ ಒಟ್ಟು ಸಂಬಳದಲ್ಲಿ ಶೇ 16ಕ್ಕೂ ಕಡಿಮೆ. ಶೇ 30 ಅನ್ನೋದು 24 ಲಕ್ಷ ದಾಟಿದ ಮೇಲಿನ ದುಡ್ಡಿಗೆ ಮಾತ್ರ. ದಿನಾ ಕೋಡ್ ಬರೆಯೋ ನಮಗೆ ಒಂದು ಸ್ಲ್ಯಾಬ್ ಲೆಕ್ಕ ಅರ್ಥ ಆಗಲ್ಲ ಅಂದ್ರೆ ನಂಬೋಕಾಗಲ್ಲ. ಅರ್ಥ ಆಗುತ್ತೆ, ಆದ್ರೆ ಶೇ 30 ಅಂದ್ರೆ ಗೋಳು ಹೇಳ್ಕೊಳ್ಳೋಕೆ ಚೆನ್ನಾಗಿರುತ್ತೆ, ಅಷ್ಟೇ.

ಹಾಗಾದ್ರೆ ತಿಂಗಳ ಕೊನೆಗೆ ಕೈ ಖಾಲಿ ಆಗೋದು ಯಾಕೆ? ನಿಮ್ಮ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆದು ನೋಡಿ. ಮಗುವಿನ ಸ್ಕೂಲ್ ಫೀಸು. ಸ್ಕೂಲ್ ವ್ಯಾನ್. ಅಪ್ಪ ಅಮ್ಮನ ಹೆಲ್ತ್ ಇನ್ಶೂರೆನ್ಸ್. ಬೇಸಿಗೆಯಲ್ಲಿ ನೀರಿನ ಟ್ಯಾಂಕರ್. ಅಪಾರ್ಟ್‌ಮೆಂಟಿನ ಜನರೇಟರ್, ಸೆಕ್ಯೂರಿಟಿ ಎಲ್ಲಾ ಸೇರಿದ ಮೇಂಟೆನೆನ್ಸ್. ಬಸ್ಸಿಲ್ಲದ ಕಡೆಗೆ ಕ್ಯಾಬು, ಇಲ್ಲಾಂದ್ರೆ ಕಾರಿನ ಇಎಂಐ, ಪೆಟ್ರೋಲು. ಇವೆಲ್ಲಾ ಏನು ಸ್ವಾಮಿ? ಇವೂ ತೆರಿಗೆನೇ. ಸರ್ಕಾರ ಮಾಡಬೇಕಾದ ಕೆಲಸ ಮಾಡದೇ ಇದ್ದಿದ್ದಕ್ಕೆ ನಾವು ಖಾಸಗಿಯವರಿಗೆ ಕಟ್ತಾ ಇರೋ ಕಪ್ಪ. ಇದಕ್ಕೆ ಸ್ಲ್ಯಾಬ್ ಇಲ್ಲ, ರಿಬೇಟ್ ಇಲ್ಲ, ರೀಫಂಡೂ ಇಲ್ಲ. ಪ್ರತಿ ವರ್ಷ ಏರೋದೊಂದೇ ಗೊತ್ತು. ಫೀಸು ಜಾಸ್ತಿ ಆದಾಗ ವಾಟ್ಸಾಪ್‌ನಲ್ಲಿ ಎರಡು ದಿನ ಕೂಗಾಡಿ ಮೂರನೇ ದಿನ ಕಟ್ತೀವಿ. ಅದನ್ನ ಯಾರೂ "ಟ್ಯಾಕ್ಸ್ ಟೆರರಿಸಂ" ಅನ್ನಲ್ಲ.

ನಾವು ಎರಡು ಸಲ ಕಟ್ತಾ ಇದ್ದೀವಿ. ಒಂದು ಸಲ ಸರ್ಕಾರಕ್ಕೆ, ಇನ್ನೊಂದು ಸಲ ಖಾಸಗಿಗೆ. ತೆರಿಗೆ ಇಳಿಸಿದ್ರೆ ಮೊದಲನೇದು ಸ್ವಲ್ಪ ಕಮ್ಮಿ ಆಗುತ್ತೆ, ಎರಡನೇದು ಇನ್ನಷ್ಟು ಬೆಳೆಯುತ್ತೆ. 2025ರಲ್ಲಿ ತೆರಿಗೆ ಇಳಿದಾಗ ಉಳಿದ ದುಡ್ಡು ಎಲ್ಲಿಗೆ ಹೋಯ್ತು ಅಂತ ನೀವೇ ಯೋಚನೆ ಮಾಡಿ. ಆ ಒಂದು ನಿರ್ಧಾರಕ್ಕೆ ಕೇಂದ್ರ ಬಿಟ್ಟುಕೊಟ್ಟ ಆದಾಯ ಸುಮಾರು 1 ಲಕ್ಷ ಕೋಟಿ ರೂಪಾಯಿ ಅಂತ ಸರ್ಕಾರವೇ ಹೇಳಿತ್ತು.

ನಾನು ಹಾವೇರಿ ಜಿಲ್ಲೆಯ ಹಳ್ಳಿಯವನು. ಸರ್ಕಾರಿ ಕನ್ನಡ ಶಾಲೆ, ಆಮೇಲೆ ಬಿಸಿಎಂ ಹಾಸ್ಟೆಲು, ಸಾರಿಗೆ ಸಂಸ್ಥೆಯ ಸ್ಟೂಡೆಂಟ್ ಪಾಸು, ಸಿಇಟಿ ಬರೆದು ಸರ್ಕಾರಿ ಕಾಲೇಜಿನಲ್ಲಿ ಬಿಇ ಸೀಟು. ನನ್ನ ಆಗಿನ ಒಂದು ವರ್ಷದ ಬಿಇ ಫೀಸು ನನ್ನ ಮಗಳ ಎಲ್‌ಕೆಜಿಯ ಒಂದು ಟರ್ಮ್ ಫೀಸಿಗಿಂತ ಕಡಿಮೆ. ಇದು ಬರೀ ನನ್ನ ಕಥೆ ಅಲ್ಲ. ನಿಮ್ಮ ಫ್ಲೋರಿನಲ್ಲಿ ಕೂತಿರೋ ಮೂವತ್ತು ದಾಟಿದ ಕನ್ನಡದ ಹುಡುಗ ಹುಡುಗಿಯರನ್ನ ಕೇಳಿ, ಎಷ್ಟೋ ಜನ ಇದೇ ದಾರಿಯಲ್ಲಿ ಬಂದವರು. "ನಾನು ಯಾರ ಹಂಗಿಲ್ಲದೆ ಬೆಳೆದೆ" ಅನ್ನೋರು ತಮ್ಮ ಮಾರ್ಕ್ಸ್ ಕಾರ್ಡ್ ಮೇಲಿರೋ ಸೀಲು ಯಾರದು ಅಂತ ಒಂದು ಸಲ ನೋಡ್ಕೊಳ್ಳಿ. ಈಗ ಇದೇ ದಾರಿಯಲ್ಲಿ ಬರಬೇಕಾದ ಹುಡುಗನಿಗೆ ಆ ಶಾಲೆಯಲ್ಲಿ ಮೇಷ್ಟ್ರಿಲ್ಲ ಅಂದ್ರೆ, ಏಣಿ ಹತ್ತಿ ಆದ ಮೇಲೆ ಏಣಿ ಎಳ್ಕೊಂಡವರು ನಾವೇ.

"ನಮ್ಮ ಕೈಲಿ ಮಾತ್ರ ಯಾಕೆ ಕಟ್ಟಿಸ್ತಾರೆ? ದೇಶದಲ್ಲಿ ಟ್ಯಾಕ್ಸ್ ಕಟ್ಟೋರೇ ಬೆರಳೆಣಿಕೆ, ಉಳಿದವರೆಲ್ಲಾ ಬಿಟ್ಟಿ ಗಿರಾಕಿಗಳು." ಈ ಮಾತು ಕೇಳಿದಾಗ ನನಗೆ ಮೈ ಉರಿಯುತ್ತೆ. ನಮ್ಮಪ್ಪ ಜೀವಮಾನದಲ್ಲಿ ಇನ್‌ಕಮ್ ಟ್ಯಾಕ್ಸ್ ಕಟ್ಟಿಲ್ಲ, ನಿಜ. ಆದ್ರೆ ಅವರ ಮೊಬೈಲ್ ರೀಚಾರ್ಜಿಗೆ ಶೇ 18 ಜಿಎಸ್‌ಟಿ. ನನ್ನ ರೀಚಾರ್ಜಿಗೂ ಅಷ್ಟೇ, ದೇಶದ ಅತಿ ಶ್ರೀಮಂತನ ರೀಚಾರ್ಜಿಗೂ ಅಷ್ಟೇ. ಹಳ್ಳಿಯಲ್ಲಿ ಎರಡು ರೂಮು ಕಟ್ಟಿಸಿದವನು 2025ರ ಸೆಪ್ಟೆಂಬರ್‌ವರೆಗೂ ಸಿಮೆಂಟಿಗೆ ಶೇ 28 ಕಟ್ಟಿದ. ಟ್ರ್ಯಾಕ್ಟರಿನ ಡೀಸೆಲ್‌ ಮೇಲೆ ಕೇಂದ್ರದ ಸುಂಕ ಬೇರೆ, ರಾಜ್ಯದ್ದು ಬೇರೆ. ಬಡವ ತೆರಿಗೆ ಕಟ್ತಾನೆ. ಅವನಿಗೆ ಫಾರ್ಮ್ 16 ಕೊಡೋರಿಲ್ಲ, ಅಷ್ಟೇ ವ್ಯತ್ಯಾಸ. ಆದಾಯ ತೆರಿಗೆಯೊಂದೇ ಉಳ್ಳವನಿಗೆ ಜಾಸ್ತಿ, ಇಲ್ಲದವನಿಗೆ ಕಮ್ಮಿ ಅಂತ ನೋಡೋದು. ಅದನ್ನ ಇಳಿಸಿದಷ್ಟೂ ಭಾರ ಜಿಎಸ್‌ಟಿ ಕಡೆಗೆ, ಅಂದ್ರೆ ಅವನ ಕಡೆಗೇ ವಾಲುತ್ತೆ.

ಸಂಬಳದಾರರ ದೂರಿನಲ್ಲಿ ಒಂದು ನಿಜ ಇದೆ, ಅದನ್ನ ಮುಚ್ಚಿಡಲ್ಲ. 2023-24ರಲ್ಲಿ ವೈಯಕ್ತಿಕ ಆದಾಯ ತೆರಿಗೆ ಸುಮಾರು 10.4 ಲಕ್ಷ ಕೋಟಿ ಬಂತು, ಕಂಪನಿಗಳಿಂದ ಬಂದಿದ್ದು ಸುಮಾರು 9.1 ಲಕ್ಷ ಕೋಟಿ. ದುಡಿಯೋ ಜನ ಕಂಪನಿಗಳಿಗಿಂತ ಜಾಸ್ತಿ ಕಟ್ತಿದ್ದಾರೆ. ಯಾಕೆ ಅಂತ ತಿಳಿಯೋಕೆ ಇತಿಹಾಸ ನೋಡಬೇಕು. 1985ರಲ್ಲಿ ವಿ.ಪಿ. ಸಿಂಗ್ ಹಣಕಾಸು ಮಂತ್ರಿ ಆಗಿದ್ದಾಗ ಪಿತ್ರಾರ್ಜಿತ ಆಸ್ತಿ ಮೇಲಿನ ಎಸ್ಟೇಟ್ ಡ್ಯೂಟಿ ಹೋಯ್ತು. 2015ರಲ್ಲಿ ಅರುಣ್ ಜೇಟ್ಲಿ ಸಂಪತ್ತಿನ ತೆರಿಗೆ ತೆಗೆದ್ರು. 2019ರ ಸೆಪ್ಟೆಂಬರ್‌ನಲ್ಲಿ ಕಂಪನಿ ತೆರಿಗೆಯ ಮೂಲ ದರ ಶೇ 22ಕ್ಕೆ ಇಳಿತು, ಅದಕ್ಕೆ ಬಿಟ್ಟುಕೊಟ್ಟಿದ್ದು ವರ್ಷಕ್ಕೆ 1.45 ಲಕ್ಷ ಕೋಟಿ ಅಂತ ಆಗಿನ ಅಂದಾಜು. 2023ರಲ್ಲಿ ಹೊಸ ಪದ್ಧತಿಯಲ್ಲಿ 5 ಕೋಟಿಗಿಂತ ಹೆಚ್ಚು ಆದಾಯ ಇರೋರ ಸರ್‌ಚಾರ್ಜ್ ಶೇ 37ರಿಂದ 25ಕ್ಕೆ ಬಂತು, ಅವರ ಗರಿಷ್ಠ ದರ ಶೇ 42.74ರಿಂದ 39ಕ್ಕೆ ಇಳಿತು. ಪಕ್ಷ ಬದಲಾದ್ರೂ ಮೇಲಿನವರಿಗೆ ಸಿಗೋ ರಿಯಾಯ್ತಿ ಬದಲಾಗಿಲ್ಲ. ನಮ್ಮ ಸಿಟ್ಟು ಮಾತ್ರ ಉಚಿತ ಬಸ್ ಟಿಕೆಟ್ ತಗೊಂಡು ಗಾರ್ಮೆಂಟ್ಸ್‌ಗೆ ಹೋಗೋ ಹೆಂಗಸಿನ ಮೇಲೆ.

ಇದರ ಬಗ್ಗೆ ಮಾತೆತ್ತಿದವರಿಗೆ ಏನಾಗುತ್ತೆ ಅನ್ನೋದಕ್ಕೂ ಉದಾಹರಣೆ ಇದೆ. 2020ರ ಏಪ್ರಿಲ್‌ನಲ್ಲಿ, ಕೋವಿಡ್ ಲಾಕ್‌ಡೌನ್ ಮಧ್ಯೆ, ಸುಮಾರು 50 ಜನ ಐಆರ್‌ಎಸ್ ಅಧಿಕಾರಿಗಳು ಸೇರಿ ಒಂದು ವರದಿ ಬರೆದ್ರು. ವರ್ಷಕ್ಕೆ 1 ಕೋಟಿಗಿಂತ ಹೆಚ್ಚು ಆದಾಯ ಇರೋರಿಗೆ ಸ್ವಲ್ಪ ಕಾಲ ಶೇ 40 ದರ ಹಾಕಿ, ಇಲ್ಲಾಂದ್ರೆ 5 ಕೋಟಿಗಿಂತ ಹೆಚ್ಚು ಸಂಪತ್ತಿರೋರಿಗೆ ಸಂಪತ್ತಿನ ತೆರಿಗೆ ತನ್ನಿ ಅನ್ನೋದು ಅದರ ಸಲಹೆಗಳಲ್ಲಿ ಒಂದು. ವರದಿ ಹೊರಗೆ ಬಂದ ತಕ್ಷಣ ಇಲಾಖೆ ಇದು ನಮ್ಮದಲ್ಲ ಅಂತು, ಮೂವರು ಹಿರಿಯ ಅಧಿಕಾರಿಗಳ ಮೇಲೆ ಕ್ರಮ ಶುರುವಾಯ್ತು. ಅನುಮತಿ ಇಲ್ಲದೆ ಹೊರಗೆ ಬಿಟ್ಟಿದ್ದು ತಪ್ಪು ಅಂದ್ಕೊಂಡ್ರೂ, ಸಲಹೆ ಸರಿಯೋ ತಪ್ಪೋ ಅನ್ನೋ ಚರ್ಚೆನೇ ನಡೀಲಿಲ್ಲ. 2024ರ ಚುನಾವಣೆ ವೇಳೆ ಸ್ಯಾಮ್ ಪಿತ್ರೋಡಾ ಅಮೆರಿಕದ ಪಿತ್ರಾರ್ಜಿತ ಆಸ್ತಿ ತೆರಿಗೆ ಬಗ್ಗೆ ಮಾತಾಡಿದಾಗ ಅವರ ಪಕ್ಷವೇ ಒಂದೇ ದಿನದಲ್ಲಿ ಕೈ ತೊಳ್ಕೊಂಡಿತು. ನಮ್ಮ ದೇಶದಲ್ಲಿ ಜಾತಿ, ಧರ್ಮದ ಬಗ್ಗೆ ಏನು ಬೇಕಾದ್ರೂ ಮಾತಾಡಬಹುದು, ಕೋಟ್ಯಧಿಪತಿಯ ತೆರಿಗೆ ಬಗ್ಗೆ ಮಾತಾಡೋ ಹಾಗಿಲ್ಲ.

"ಒಂದು ಕಾಲದಲ್ಲಿ ಶೇ 97.75 ಇತ್ತು, ಏನಾಯ್ತು? ಎಲ್ಲರೂ ಕಳ್ಳಲೆಕ್ಕ ಬರೆದ್ರು." ನಿಜ, 1973-74ರಲ್ಲಿ ಅಷ್ಟಿತ್ತು, ಅದು ಹುಚ್ಚುತನ. ಈಗ ಅದನ್ನ ಯಾರೂ ಕೇಳ್ತಿಲ್ಲ. ಮತ್ತೆ ಆಗ ಸಂಬಳದ ಒಂದೊಂದು ರೂಪಾಯಿನೂ ತೋರಿಸೋ ಆನ್‌ಲೈನ್ ಸ್ಟೇಟ್‌ಮೆಂಟ್ ಇರಲಿಲ್ಲ.

"ಜಾಸ್ತಿ ಮಾಡಿದ್ರೆ ದೇಶ ಬಿಟ್ಟು ಹೋಗ್ತೀವಿ." ಎಲ್ಲಿಗೆ? ನಮ್ಮಲ್ಲಿ ಸುಮಾರು ಜನ ಹೋಗೋದು ಜರ್ಮನಿಗೆ. ಅಲ್ಲಿ ಮೇಲಿನ ದರ ಶೇ 42, ಇನ್ನೂ ಮೇಲಕ್ಕೆ ಹೋದ್ರೆ 45, ಆರೋಗ್ಯ ವಿಮೆ ಪೆನ್ಶನ್ ಕಡಿತ ಬೇರೆ. ಅಲ್ಲಿಂದ ಟ್ರಾಮು, ಪಾರ್ಕು, ಶಾಲೆಯ ಫೋಟೋ ಹಾಕಿ "ಸಿಸ್ಟಮ್ ಅಂದ್ರೆ ಇದು" ಅಂತ ಬರೀತಾರೆ. ಆ ಸಿಸ್ಟಮ್ ಆಕಾಶದಿಂದ ಉದುರಿದ್ದಲ್ಲ ಕಣ್ರಪ್ಪಾ, ನಿಮ್ಮ ಪೇ ಸ್ಲಿಪ್ಪಿನಿಂದಲೇ ಕಟ್ಟಿದ್ದು.

"ಕೊಟ್ಟ ದುಡ್ಡನ್ನೆಲ್ಲಾ ತಿಂತಾರೆ." ಇದು ಮಾತ್ರ ತೂಕದ ಮಾತು, ಇದಕ್ಕೆ ಗಂಭೀರವಾಗಿ ಉತ್ತರ ಕೊಡಬೇಕು. ಪ್ರೌಢ ಮತ್ತು ಉನ್ನತ ಶಿಕ್ಷಣಕ್ಕೆ ಅಂತ 2006-07ರಿಂದ ಹತ್ತು ವರ್ಷ ನಮ್ಮಿಂದ ವಸೂಲಿ ಮಾಡಿದ ಸೆಸ್ಸಿನಲ್ಲಿ 80 ಸಾವಿರ ಕೋಟಿ ರೂಪಾಯಿಗೂ ಹೆಚ್ಚು ಹಣ ಮೀಸಲು ನಿಧಿಗೆ ಹೋಗಿಲ್ಲ ಅಂತ ಸಿಎಜಿಯೇ ಹೇಳಿದೆ. ಯಾಕಂದ್ರೆ ಅಂಥ ನಿಧಿಯನ್ನ ಸ್ಥಾಪಿಸಿದ್ದೇ 2017ರಲ್ಲಿ! ಆರೋಗ್ಯಕ್ಕೆ ಜಿಡಿಪಿಯ ಶೇ 2.5 ಖರ್ಚು ಮಾಡ್ತೀವಿ, 2025ರೊಳಗೆ, ಅಂತ 2017ರ ಆರೋಗ್ಯ ನೀತಿ ಹೇಳ್ತು. 2021-22ರಲ್ಲಿ, ಕೋವಿಡ್ ವರ್ಷದಲ್ಲೂ, ಸರ್ಕಾರಗಳೆಲ್ಲಾ ಸೇರಿ ಮುಟ್ಟಿದ್ದು ಶೇ 1.84. ಆ ವರ್ಷ ಒಟ್ಟು ಆರೋಗ್ಯ ವೆಚ್ಚದಲ್ಲಿ ಶೇ 39.4 ಜನರ ಜೇಬಿಂದಲೇ ಹೋಯ್ತು. ಶಿಕ್ಷಣಕ್ಕೆ ಶೇ 6 ಅಂತ ಕೊಠಾರಿ ಆಯೋಗ ಹೇಳಿದ್ದು 1966ರಲ್ಲಿ. 2020ರ ಶಿಕ್ಷಣ ನೀತಿ ಅದನ್ನೇ ಮತ್ತೆ ಹೇಳ್ತು.

ಆದ್ರೆ ಕಳ್ಳತನ ಆಗುತ್ತೆ ಅಂತ ಮನೆಗೆ ದಿನಸಿ ತರೋದನ್ನೇ ಯಾರೂ ನಿಲ್ಲಿಸಲ್ಲ, ಬಾಗಿಲಿಗೆ ಬೀಗ ಹಾಕ್ತಾರೆ. ನಮ್ಮ ಮಕ್ಕಳು ಸರ್ಕಾರಿ ಶಾಲೆಯಲ್ಲಿಲ್ಲ, ನಾವು ತಾಲ್ಲೂಕು ಆಸ್ಪತ್ರೆಗೆ ಹೋಗಲ್ಲ. ಇಂಗ್ಲಿಷಲ್ಲಿ ಈಮೇಲ್ ಬರೆದು, ಆರ್‌ಟಿಐ ಹಾಕಿ, ಟ್ವಿಟರ್‌ನಲ್ಲಿ ಟ್ಯಾಗ್ ಮಾಡಿ ಗಲಾಟೆ ಮಾಡೋ ಶಕ್ತಿ ಇರೋರೆಲ್ಲಾ ಜಾಗ ಖಾಲಿ ಮಾಡಿದ ಮೇಲೆ ಅಲ್ಲಿ ಕೇಳೋರು ಯಾರು? ನಿಮ್ಹಾನ್ಸ್, ಜಯದೇವ, ಕಿದ್ವಾಯಿ ಮೂರೂ ಸರ್ಕಾರಿ ಸಂಸ್ಥೆಗಳೇ. ಊರುಗಳಿಂದ ರಾತ್ರಿ ಬಸ್ಸು ಹತ್ತಿ ಅಲ್ಲಿಗೆ ಬರ್ತಾರೆ, ಬೆಂಗಳೂರಿನ ಉಳ್ಳವರೂ ಹೋಗ್ತಾರೆ. ಸರ್ಕಾರದ ಕೈಲಿ ಆಗಲ್ಲ ಅನ್ನೋದು ಸುಳ್ಳು. ದುಡ್ಡು, ಜನ, ಒತ್ತಡ ಮೂರೂ ಇದ್ದ ಕಡೆ ಆಗಿದೆ.

ಹಾಗಾದ್ರೆ ಹೇಗೆ ಜಾಸ್ತಿ ಮಾಡಬೇಕು? ಮೊದಲನೇದಾಗಿ ಸೆಸ್ ಬೇಡ, ಸರ್‌ಚಾರ್ಜ್ ಬೇಡ, ದರದಲ್ಲೇ ಏರಿಸಿ. ಸೆಸ್ಸೂ ಸರ್‌ಚಾರ್ಜೂ ರಾಜ್ಯಗಳ ಜೊತೆ ಹಂಚ್ಕೊಳ್ಳೋ ಮೊತ್ತಕ್ಕೆ ಸೇರೋದೇ ಇಲ್ಲ. ಆಸ್ಪತ್ರೆ, ಶಾಲೆ, ಬಸ್ಸು ನಡೆಸೋದು ಬಹುಪಾಲು ರಾಜ್ಯ. ಅದರಲ್ಲೂ 15ನೇ ಹಣಕಾಸು ಆಯೋಗ ಬಂದಾಗ ಕರ್ನಾಟಕದ ಪಾಲು ಶೇ 4.71ರಿಂದ 3.65ಕ್ಕೆ ಕುಸಿತು.

ಎರಡನೇದು, 30 ಲಕ್ಷ ದಾಟಿದ ಆದಾಯಕ್ಕೆ ಶೇ 35 ಸ್ಲ್ಯಾಬ್ ತನ್ನಿ. 40 ಲಕ್ಷ ಸಂಬಳ ಇರೋರಿಗೆ ಎಷ್ಟು ಜಾಸ್ತಿ ಆಗುತ್ತೆ? ಈಗಿನ ಸೆಸ್ ಸೇರಿ ವರ್ಷಕ್ಕೆ 48,100, ತಿಂಗಳಿಗೆ ಸುಮಾರು 4 ಸಾವಿರ. ಕೋಟಿಗಳ ಲೆಕ್ಕದಲ್ಲಿ ಇರೋರಿಗೆ ಅದಕ್ಕಿಂತ ಮೇಲೆ ಇನ್ನೊಂದು ಮೆಟ್ಟಿಲು, ದೊಡ್ಡ ಆಸ್ತಿ ಕೈ ಬದಲಾದಾಗ ಪಿತ್ರಾರ್ಜಿತ ತೆರಿಗೆ.

ಮೂರನೇದು ನಮ್ಮ ಪೇ ಸ್ಲಿಪ್ಪಲ್ಲೇ ಕಾಣೋ ಪ್ರೊಫೆಷನಲ್ ಟ್ಯಾಕ್ಸ್. ಕರ್ನಾಟಕದಲ್ಲಿ ತಿಂಗಳಿಗೆ 25 ಸಾವಿರ ಸಂಬಳದವನೂ ವರ್ಷಕ್ಕೆ 2,500 ಕಟ್ತಾನೆ, ತಿಂಗಳಿಗೆ 5 ಲಕ್ಷ ಸಂಬಳದವನೂ 2,500 ಕಟ್ತಾನೆ. ಸಂವಿಧಾನದ 276ನೇ ವಿಧಿ ಹಾಕಿರೋ ಮಿತಿ ಇದು, 1988ರಿಂದ ಕದಲಿಲ್ಲ. ರಾಜ್ಯದ ಕೈಗೆ ನೇರವಾಗಿ ಬರೋ ತೆರಿಗೆ ಇದು. ಮಿತಿ ಎತ್ತಿ, ಸಂಬಳಕ್ಕೆ ತಕ್ಕ ಹಾಗೆ ಮಾಡಿ ಅಂತ ಕನ್ನಡಿಗರು ಕೇಳಬಾರದಾ?

ಕೊನೇದು ಲೆಕ್ಕ. ಏರಿಸಿದ ತೆರಿಗೆಯಿಂದ ಬಂದ ಹಣ ಎಷ್ಟು, ಯಾವ ತಾಲ್ಲೂಕಿಗೆ ಎಷ್ಟು ಡಾಕ್ಟರ್, ಎಷ್ಟು ಮೇಷ್ಟ್ರು, ಎಷ್ಟು ಬಸ್ಸು ಬಂತು ಅಂತ ಪ್ರತಿ ವರ್ಷ ಎಲ್ಲರಿಗೂ ಕಾಣೋ ಹಾಗೆ ಹಾಕಲಿ. ಯುಪಿಐನಲ್ಲಿ ಹತ್ತು ರೂಪಾಯಿ ಟೀ ಲೆಕ್ಕ ಇಡೋ ದೇಶಕ್ಕೆ ಇದು ದೊಡ್ಡ ಕೆಲಸ ಅಲ್ಲ.

ಈ ಶೇ 35 ನನಗೂ ತಗುಲುತ್ತೆ. ತಿಂಗಳಿಗೆ ಕೆಲವು ಸಾವಿರ ನನಗೂ ದುಡ್ಡೇ, ಆದ್ರೆ ಅದು ಅಪ್ಪ ಅಮ್ಮನ ಇನ್ಶೂರೆನ್ಸ್ ಪ್ರೀಮಿಯಮ್ಮಿಗಿಂತ ಕಮ್ಮಿ. ಆ ಇನ್ಶೂರೆನ್ಸ್ ಇದ್ರೂ ಅವರಿರೋ ಕಡೆ ಹೃದ್ರೋಗದ ಡಾಕ್ಟರಿಲ್ಲ, ಕಾರ್ಡ್ ಇಟ್ಕೊಂಡು ಏನು ಮಾಡೋದು? ಡಾಕ್ಟರ್ ಬರಬೇಕು ಅಂದ್ರೆ ಎಲ್ಲರೂ ಸೇರಿ ಕಟ್ಟಬೇಕು, ಎಲ್ಲರೂ ಸೇರಿ ಕೇಳಬೇಕು. ಬರೀ ಕಟ್ಟೋದು ಗುಲಾಮಗಿರಿ, ಕಟ್ಟದೆ ಕೇಳೋದು ಬೂಟಾಟಿಕೆ.