ಜೀವ ಉಳಿದ ಮೇಲೆ

2007ರ ಫೆಬ್ರುವರಿಯಲ್ಲಿ ಬಿಬಿಸಿ ಒನ್ ವಾಹಿನಿಯಲ್ಲಿ ‘ರಿಕವರಿ’ ಎಂಬ ಒಂದೂವರೆ ಗಂಟೆಯ ಟಿವಿ ಚಿತ್ರ ಪ್ರಸಾರವಾಯಿತು. ಬರೆದವರು ಟೋನಿ ಮರ್ಚೆಂಟ್. ಆಗ ‘ಡಾಕ್ಟರ್ ಹೂ’ ಧಾರಾವಾಹಿಯಿಂದ ಬ್ರಿಟನ್ನಿನ ಮನೆಮನೆಗೂ ಪರಿಚಿತರಾಗಿದ್ದ ಡೇವಿಡ್ ಟೆನಂಟ್ ಇದರಲ್ಲಿ ಅಲನ್ ಹ್ಯಾಮಿಲ್ಟನ್ ಎಂಬ ಗೃಹಸ್ಥ. ಹೆಂಡತಿ ಟ್ರಿಶಿಯಾ ಪಾತ್ರ ಸಾರಾ ಪ್ಯಾರಿಷ್ ಅವರದು. ಕಟ್ಟಡ ಕಟ್ಟಿಸುವ ಸ್ವಂತ ವ್ಯವಹಾರ, ಇಬ್ಬರು ಗಂಡುಮಕ್ಕಳು, ಗಂಡಹೆಂಡಿರ ನಡುವೆ ಇನ್ನೂ ಆರದ ಪ್ರೀತಿ. ರಸ್ತೆ ಅಪಘಾತದಲ್ಲಿ ಅಲನ್ ತಲೆಗೆ ಪೆಟ್ಟಾಗಿ ಕೋಮಾಕ್ಕೆ ಹೋಗುತ್ತಾನೆ. ಎಚ್ಚರವಾಗುತ್ತದೆ, ಮಾತು ಬರುತ್ತದೆ, ಎದ್ದು ನಡೆದಾಡುತ್ತಾನೆ, ಮನೆಗೂ ಬರುತ್ತಾನೆ. ಆದರೆ ಮನೆಗೆ ಬಂದವನು ಹೋದವನಲ್ಲ.

ತಲೆಗೆ ಪೆಟ್ಟು ಬಿದ್ದು ನೆನಪು ಹೋಗುವುದು, ಇನ್ನೊಂದು ಪೆಟ್ಟಿಗೆ ಅದು ಮರಳುವುದು ನಮ್ಮ ಸಿನಿಮಾಗಳಲ್ಲಿ ಎಷ್ಟೋ ಸಲ ಬಂದುಹೋಗಿದೆ. ಮರ್ಚೆಂಟ್ ಆ ದಾರಿಗೆ ಹೋಗಲಿಲ್ಲ. ಅಲನ್‌ಗೆ ಹೆಂಡತಿ ಯಾರು, ಮಕ್ಕಳು ಯಾರು ಎಂದು ಗೊತ್ತು. ಅವನು ಕಳೆದುಕೊಂಡಿರುವುದು ಅದಕ್ಕಿಂತ ಸೂಕ್ಷ್ಮವಾದದ್ದು: ಯಾವ ಮಾತನ್ನು ಎಲ್ಲಿ ಆಡಬೇಕು, ಆಸೆಯನ್ನು ಎಲ್ಲಿ ತಡೆಯಬೇಕು, ಎದುರಿನವರ ಮುಖ ಯಾಕೆ ಬಾಡಿತು ಎಂಬುದೆಲ್ಲ ಕೈತಪ್ಪಿದೆ. ಕ್ಷಣದಲ್ಲಿ ಸಿಟ್ಟು, ಕ್ಷಣದಲ್ಲಿ ಮಗುವಿನ ನಗು. ಕಾಲೇಜಿಗೆ ಹೊರಡುವ ವಯಸ್ಸಿನ ಹಿರಿಯ ಮಗ ಅಪ್ಪನನ್ನು ಕಾಯುವ ದೊಡ್ಡವನಾಗಬೇಕಾಗುತ್ತದೆ. ಟ್ರಿಶಿಯಾ ಹೆಂಡತಿಯೋ ತಾಯಿಯೋ ದಾದಿಯೋ ಎಂಬುದು ಆಕೆಗೇ ಗೊತ್ತಾಗದಂತಾಗುತ್ತದೆ.

ಇದು ಬರಹಗಾರರ ಕಲ್ಪನೆಯಲ್ಲ, ಮೆದುಳಿನ ರಚನೆಯಲ್ಲೇ ಇದರ ಕಾರಣ ಇದೆ. ತಲೆಬುರುಡೆಯ ಒಳಮೈ ಎಲ್ಲ ಕಡೆ ನುಣುಪಾಗಿಲ್ಲ. ಹಣೆಯ ಹಿಂದೆ, ಕಣ್ಣಗೂಡಿನ ಮೇಲ್ಭಾಗದಲ್ಲಿ ಮೂಳೆ ಒರಟಾಗಿ ಏಣು ಏಣಾಗಿದೆ. ಓಡುವ ದೇಹ ಗಕ್ಕನೆ ನಿಂತಾಗ ಮೆತ್ತನೆಯ ಮೆದುಳು ಮುಂದಕ್ಕೆ ನುಗ್ಗಿ ಆ ಏಣುಗಳಿಗೆ ಉಜ್ಜುತ್ತದೆ. ಹಾಗಾಗಿ ಪೆಟ್ಟು ತಲೆಯ ಯಾವ ಭಾಗಕ್ಕೆ ಬಿದ್ದರೂ ಜಖಂ ಆಗುವುದು ಹೆಚ್ಚಾಗಿ ಹಣೆಯ ಹಿಂದಿನ ಮುಂಭಾಗ ಮತ್ತು ಕಿವಿಯ ಬಳಿಯ ಭಾಗ. ಕೆಲಸವನ್ನು ಶುರು ಮಾಡುವುದು, ಮುಂದೇನೆಂದು ಯೋಚಿಸುವುದು, ನಾಲಿಗೆಗೆ ಬಂದದ್ದನ್ನು ನುಂಗಿಕೊಳ್ಳುವುದು ಎಲ್ಲ ಆ ಮುಂಭಾಗದ ಕೆಲಸ. ಇದರ ಜೊತೆಗೆ, ಮೆದುಳು ತಿರುಚಿದಾಗ ಅದರೊಳಗಿನ ನರತಂತುಗಳು ಎಳೆದು ಹರಿಯುತ್ತವೆ. ಇಂಥ ಹಾನಿ ಎಷ್ಟೋ ಸಲ ಸಿಟಿ ಸ್ಕ್ಯಾನ್‌ನಲ್ಲಿ ಕಾಣುವುದೇ ಇಲ್ಲ. ‘ಸ್ಕ್ಯಾನ್ ನಾರ್ಮಲ್ ಬಂದಿದೆ’ ಎಂದು ಕೇಳಿ ಮನೆಗೆ ಹೋದವರು ಆಮೇಲೆ ‘ಹಾಗಾದರೆ ಇವನು ಬೇಕೆಂದೇ ಹೀಗೆ ಆಡುತ್ತಿದ್ದಾನೆ’ ಎಂದು ನೊಂದುಕೊಳ್ಳುತ್ತಾರೆ. ಇನ್ನೂ ಕಷ್ಟದ ಸಂಗತಿಯೆಂದರೆ, ತನ್ನಲ್ಲಿ ಏನು ಬದಲಾಗಿದೆ ಎಂದು ಅರಿಯುವ ಶಕ್ತಿಗೂ ಪೆಟ್ಟಾಗಿರಬಹುದು. ಆಗ ಗಾಯಗೊಂಡವನು ತಾನು ಸರಿಯಾಗಿದ್ದೇನೆ ಎನ್ನುತ್ತಾನೆ. ಮನೆಯವರ ಕಣ್ಣಿಗೆ ಮಾತ್ರ ಎಲ್ಲವೂ ಕಾಣುತ್ತಿರುತ್ತದೆ.

ನನಗೆ ಈ ಚಿತ್ರ ದೊಡ್ಡದೆನಿಸಿದ್ದು ಟ್ರಿಶಿಯಾಳ ಆಯಾಸಕ್ಕೆ ಅದು ಕೊಟ್ಟ ಜಾಗದಿಂದ. ಆಕೆ ಸಿಡುಕುತ್ತಾಳೆ, ಸೋಲುತ್ತಾಳೆ, ಹಳೆಯ ಗಂಡನಿಗಾಗಿ ಹಂಬಲಿಸುತ್ತಾಳೆ. ಆ ಹಂಬಲವನ್ನು ಕಥೆ ಅಪರಾಧವಾಗಿ ತೋರಿಸುವುದಿಲ್ಲ. ನಮಗೆ ಈ ಪ್ರಾಮಾಣಿಕತೆ ಕಷ್ಟ. ನಮ್ಮ ಹೆಣ್ಣುಮಕ್ಕಳು ಕೇಳಿ ಬೆಳೆದದ್ದು ಸಾವಿತ್ರಿಯ ಕಥೆ. ಭೀಮನ ಅಮಾವಾಸ್ಯೆಗೆ ದೀಪದ ಕಂಬಕ್ಕೆ ಪೂಜೆ ಮಾಡಿ ಬೇಡುವುದು ಗಂಡನ ಆಯುಸ್ಸನ್ನು. ಯಮನ ಬೆನ್ನು ಹತ್ತಿ ಹೋದ ಸಾವಿತ್ರಿ ಮಾವನ ಕಣ್ಣು ಕೇಳಿದಳು, ರಾಜ್ಯ ಕೇಳಿದಳು, ಸಂತಾನ ಕೇಳಿದಳು, ಗಂಡನ ಪ್ರಾಣ ಪಡೆದಳು. ಸತ್ಯವಾನ ನಿದ್ದೆಯಿಂದ ಎದ್ದವನಂತೆ ಎದ್ದ, ಮೊದಲಿನ ಸತ್ಯವಾನನಾಗಿಯೇ ಎದ್ದ. ಬೇರೆಯವನಾಗಿ ಎದ್ದಿದ್ದರೆ ಅವಳು ಏನು ಮಾಡಬೇಕಿತ್ತು ಎಂಬ ಪ್ರಶ್ನೆ ನಮ್ಮ ಯಾವ ವ್ರತಕಥೆಯಲ್ಲೂ ಏಳುವುದಿಲ್ಲ. ಐಸಿಯು ಬಾಗಿಲಲ್ಲಿ ಕೂತು ಹರಕೆ ಹೊತ್ತವಳ ಮುಂದೆ ಆ ಪ್ರಶ್ನೆ ಪ್ರತಿದಿನ ಬೆಳಗ್ಗೆ ಎದ್ದು ನಿಲ್ಲುತ್ತದೆ. ‘ಜೀವ ಉಳೀತಲ್ಲ, ಅಷ್ಟೇ ಪುಣ್ಯ’ ಎಂದು ಹೇಳಿ ನೆಂಟರು ಎದ್ದು ಹೋಗಿರುತ್ತಾರೆ. ‘ನೀನು ಬಿಡಮ್ಮ, ಮಹಾತಾಯಿ’ ಎಂದು ಅವಳ ತಾಳ್ಮೆಯನ್ನು ಹೊಗಳುವವರೂ ಇದ್ದಾರೆ. ಆ ಹೊಗಳಿಕೆಗೆ ನನ್ನ ತಕರಾರಿದೆ. ಹಾಗೆ ಹೊಗಳಿದವರಲ್ಲಿ ಎಷ್ಟು ಮಂದಿ ಒಂದು ಸಂಜೆ ಬಂದು ಅವನ ಪಕ್ಕ ಕೂತು ಅವಳನ್ನು ಹೊರಗೆ ಕಳಿಸಿದ್ದಾರೆ?

ಅಮೆರಿಕದ ಪಾಲಿನ್ ಬಾಸ್ ಎಂಬ ವಿದ್ವಾಂಸೆ 1970ರ ದಶಕದಲ್ಲಿ ವಿಯೆಟ್ನಾಂ ಯುದ್ಧದಲ್ಲಿ ಕಾಣೆಯಾದ ಸೈನಿಕರ ಮನೆಯವರನ್ನು ಕಂಡು ಮಾತಾಡಿಸಿದರು. ಸತ್ತ ಸುದ್ದಿ ಇಲ್ಲ, ಬರುವ ಭರವಸೆಯೂ ಇಲ್ಲ. ಅತ್ತು ಮುಗಿಸಲಾಗದ ದುಃಖ. ಅದಕ್ಕೆ ಇನ್ನೊಂದು ಬಗೆಯೂ ಇದೆ ಎಂದು ಅವರು ಆಮೇಲೆ ಗುರುತಿಸಿದರು. ದೇಹ ಕಣ್ಣೆದುರಿಗಿದೆ, ಒಡನಾಡಿದ ಮನುಷ್ಯ ಇಲ್ಲ. ಇಂಥ ನಷ್ಟಕ್ಕೆ ತಿಥಿಯಿಲ್ಲ, ವೈಕುಂಠ ಸಮಾರಾಧನೆಯಿಲ್ಲ, ಸಾಂತ್ವನ ಹೇಳಲು ಯಾರೂ ಬರುವುದಿಲ್ಲ. ಗಂಡ ಎದುರಿಗೇ ಕೂತು ಊಟ ಮಾಡುತ್ತಿರುವಾಗ ಹೆಂಡತಿ ಅವನಿಗಾಗಿ ಅತ್ತರೆ ನೋಡಿದವರು ಅವಳಿಗೇ ಏನೋ ಆಗಿದೆ ಎಂದಾರು.

ಹಾಗಂತ ಬದಲಾದವನು ಬದಲಾದಲ್ಲೇ ನಿಂತುಬಿಡುತ್ತಾನೆ ಎಂದೂ ಅಲ್ಲ. ಇಲ್ಲಿ ಫಿನಿಯಾಸ್ ಗೇಜ್‌ನ ಕಥೆ ನೆನೆಯಬೇಕು. 1848ರ ಸೆಪ್ಟೆಂಬರ್ 13ರಂದು ಅಮೆರಿಕದ ವರ್ಮಾಂಟ್‌ನಲ್ಲಿ ರೈಲು ಹಳಿಗಾಗಿ ಬಂಡೆ ಸಿಡಿಸುವಾಗ ಮೂರೂವರೆ ಅಡಿಗೂ ಉದ್ದದ ಕಬ್ಬಿಣದ ಸಲಾಕೆ 25 ವರ್ಷದ ಆ ಮೇಸ್ತ್ರಿಯ ಕೆನ್ನೆಯಿಂದ ಒಳಹೊಕ್ಕು ನೆತ್ತಿಯಿಂದ ಹೊರಬಂತು. ಅವನು ಬದುಕಿದ. ಜವಾಬ್ದಾರಿಯುತನಾಗಿದ್ದವನು ಬಾಯಿಹರಿದು ಬೈಯುವ, ಒಂದು ನಿರ್ಧಾರಕ್ಕೆ ಅಂಟಿಕೊಳ್ಳದ ಮನುಷ್ಯನಾದ ಎಂದು ಚಿಕಿತ್ಸೆ ಮಾಡಿದ ಡಾಕ್ಟರ್ ಜಾನ್ ಹಾರ್ಲೋ ಬರೆದಿಟ್ಟರು. ಪಠ್ಯಪುಸ್ತಕಗಳು ಹೇಳುವುದು ಸಾಮಾನ್ಯವಾಗಿ ಇಲ್ಲಿಯವರೆಗೆ. ಅದೇ ಗೇಜ್ ಆಮೇಲೆ ಚಿಲಿ ದೇಶಕ್ಕೆ ಹೋಗಿ ವರ್ಷಗಟ್ಟಲೆ ಕುದುರೆ ಸಾರೋಟು ಓಡಿಸಿ ದುಡಿದ. ಹೊತ್ತಿಗೆ ಸರಿಯಾಗಿ ಏಳುವುದು, ಕುದುರೆ ಕಟ್ಟುವುದು, ಅದೇ ದಾರಿ, ಅದೇ ಕ್ರಮ. ಈ ಕಟ್ಟುಪಾಡಿನ ದಿನಚರಿಯೇ ಅವನನ್ನು ಮತ್ತೆ ಜನರ ನಡುವೆ ಬಾಳುವಂತೆ ಮಾಡಿರಬೇಕು ಎಂದು ಅವನ ಬದುಕನ್ನು ಆಳವಾಗಿ ಶೋಧಿಸಿದ ಮಾಲ್ಕಮ್ ಮ್ಯಾಕ್‌ಮಿಲನ್ ವಾದಿಸಿದ್ದಾರೆ. ಇಂದಿನ ಪುನಶ್ಚೇತನ ಚಿಕಿತ್ಸೆ ಹೇಳುವುದೂ ಹೆಚ್ಚುಕಡಿಮೆ ಇದನ್ನೇ. ಕ್ರಮವನ್ನು ಹೊರಗಿನಿಂದ ಕಟ್ಟಿಕೊಡಿ, ಅದೇ ಕೆಲಸವನ್ನು ಅದೇ ಹೊತ್ತಿಗೆ ಮಾಡಿಸಿ, ಗದ್ದಲ ಕಡಿಮೆ ಮಾಡಿ, ಸುಸ್ತಾಗುವ ಮುಂಚೆ ವಿಶ್ರಾಂತಿ ಕೊಡಿ.

ಆದರೆ ಕಟ್ಟಿಕೊಡುವವರು ಯಾರು? ಬ್ರಿಟನ್ನಿನಲ್ಲಿ 1979ರಲ್ಲೇ ‘ಹೆಡ್‌ವೇ’ ಎಂಬ ಸಂಸ್ಥೆ ಹುಟ್ಟಿಕೊಂಡಿತು. ಊರೂರಲ್ಲಿ ಅದರ ಗುಂಪುಗಳಿವೆ. ಗಾಯಗೊಂಡವರು ಹಗಲು ಅಲ್ಲಿ ಕಳೆಯಬಹುದು, ಮನೆಯವರು ಒಬ್ಬರೊಡನೊಬ್ಬರು ಮಾತಾಡಿಕೊಳ್ಳಬಹುದು. ನಮ್ಮಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರಪುನಶ್ಚೇತನ ವಿಭಾಗ ಇದೆ. ಬೀದರಿನಿಂದ, ಸಿಂಧನೂರಿನಿಂದ ಕೂಲಿ ಬಿಟ್ಟು ಅಲ್ಲಿಗೆ ಎಷ್ಟು ಸಲ ಬರಲು ಸಾಧ್ಯ? ಉಳಿದದ್ದೆಲ್ಲ ಮನೆಯ ಹೆಂಗಸಿನ ಹೆಗಲಿಗೆ.

2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಮಂದಿ ಸತ್ತರು ಎಂದು ಕೇಂದ್ರ ಸಾರಿಗೆ ಸಚಿವಾಲಯದ ವರದಿ ಲೆಕ್ಕ ಕೊಡುತ್ತದೆ. ಸತ್ತವರಲ್ಲಿ ಶೇ 44ಕ್ಕೂ ಹೆಚ್ಚು ಮಂದಿ ದ್ವಿಚಕ್ರ ವಾಹನದವರು. ಗಾಯಗೊಂಡವರು 4.43 ಲಕ್ಷ. ಕಾಲು ಮುರಿದವರು ಎಷ್ಟು, ಮನಸ್ಸು ಬದಲಾದವರು ಎಷ್ಟು ಎಂಬ ವಿಂಗಡಣೆ ಆ ಗಾಯಾಳುಗಳ ಸಂಖ್ಯೆಯೊಳಗೆ ಇಲ್ಲ. ಕರ್ನಾಟಕದಲ್ಲಿ 2016ರ ಜನವರಿಯಿಂದ ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯ. ದಂಡ ತಪ್ಪಿಸಲು ಅರ್ಧ ತಲೆಯನ್ನಷ್ಟೇ ಮುಚ್ಚುವ ಟೊಪ್ಪಿ ಹಾಕುವವರನ್ನು, ಪಟ್ಟಿ ಬಿಗಿಯದೆ ಓಡಿಸುವವರನ್ನು ಕಂಡಾಗಲೆಲ್ಲ ನನ್ನ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಪಟ್ಟಿ ಮಾಡಿದೆ. ಅಪಘಾತದಿಂದಾದ ಮೆದುಳಿನ ಗಾಯ ಅದರಲ್ಲಿ ಹೆಸರು ಹಿಡಿದು ಇಲ್ಲ. ಕೈಕಾಲು ಸೋತಿದ್ದರೆ ಚಲನ ವೈಕಲ್ಯವೆಂದೋ, ಬೇರೇನಾದರೂ ಇದ್ದರೆ ಮಾನಸಿಕ ಕಾಯಿಲೆಯೆಂದೋ ಎಲ್ಲಾದರೂ ಸೇರಿಸಿಕೊಂಡು ಪ್ರಮಾಣಪತ್ರ ಪಡೆಯಬೇಕು. ಕೈಕಾಲು ಗಟ್ಟಿಯಿದ್ದು, ಬೆಳಗಿನ ತಿಂಡಿ ತಿಂದೆನೋ ಇಲ್ಲವೋ ನೆನಪಿಲ್ಲದ, ಒಂದು ಗಂಟೆ ಕೆಲಸದಲ್ಲಿ ನಿಲ್ಲಲಾಗದ ಮೂವತ್ತರ ಯುವಕ ಆ ಪ್ರಮಾಣಪತ್ರಕ್ಕೆ ಯಾವ ಕೌಂಟರಿಗೆ ಹೋಗಬೇಕು? ಅಮೆರಿಕ 1990ರಲ್ಲೇ ತನ್ನ ವಿಶೇಷ ಶಿಕ್ಷಣ ಕಾಯ್ದೆಯಲ್ಲಿ ಮೆದುಳಿನ ಗಾಯವನ್ನು ಪ್ರತ್ಯೇಕವಾಗಿ ಸೇರಿಸಿತು. ನಾವೂ ಸೇರಿಸಬೇಕು.

ಆ ತಿದ್ದುಪಡಿ ಬರುವವರೆಗೆ ಕಾಯದೆ ಮಾಡಬಹುದಾದ ಕೆಲಸವೂ ಇದೆ. ನಿಮ್ಹಾನ್ಸ್ ಜೊತೆ ಸೇರಿ ರಾಜ್ಯ ಸರ್ಕಾರ 2022ರಲ್ಲಿ ಮೆದುಳು ಆರೋಗ್ಯ ಕಾರ್ಯಕ್ರಮವನ್ನು ಕೋಲಾರ, ಚಿಕ್ಕಬಳ್ಳಾಪುರ ಮತ್ತು ಬೆಂಗಳೂರಿನ ಜಯನಗರದಲ್ಲಿ ಆರಂಭಿಸಿತು. ಅದರ ಗಮನ ಮುಖ್ಯವಾಗಿ ಪಾರ್ಶ್ವವಾಯು, ಮೂರ್ಛೆರೋಗ, ತಲೆನೋವು, ಮರೆಗುಳಿತನದ ಮೇಲೆ. ತಲೆಗೆ ಪೆಟ್ಟಾಗಿ ಬದುಕಿದವರನ್ನೂ ಅದರೊಳಗೆ ತನ್ನಿ. ಡಿಸ್ಚಾರ್ಜ್ ದಿನ ಮಾತ್ರೆ ಚೀಟಿಯ ಜೊತೆಗೆ, ಇವರು ಮುಂದೆ ಹೇಗೆ ವರ್ತಿಸಬಹುದು, ಅದು ಯಾಕೆ, ಯಾವಾಗ ಯಾರನ್ನು ಕಾಣಬೇಕು ಎಂದು ಮನೆಯವರನ್ನು ಕೂರಿಸಿ ಕನ್ನಡದಲ್ಲಿ ಹೇಳುವವರೊಬ್ಬರು ಇರಲಿ. ಮೂರು ತಿಂಗಳಾದ ಮೇಲೆ ರೋಗಿಯನ್ನು ತಪಾಸಣೆಗೆ ಕರೆದಾಗ ಹೆಂಡತಿಯನ್ನೋ ತಾಯಿಯನ್ನೋ ಬೇರೆಯಾಗಿ ಕರೆದು ಮಾತಾಡಿಸಲಿ. ಅವನು ಕೈಯೆತ್ತುತ್ತಾನೆಯೇ, ಅವಳಿಗೆ ನಿದ್ದೆ ಬರುತ್ತಿದೆಯೇ, ಮಕ್ಕಳು ಶಾಲೆಗೆ ಹೋಗುತ್ತಿದ್ದಾರೆಯೇ ಎಂದು ಕೇಳಿ, ಅವಳು ಹೇಳಿದ್ದನ್ನು ಅವನ ಫೈಲಿನಲ್ಲೇ ಬರೆದಿಡಲಿ.