ಸಂಸ್ಥೆಯ ಸಂಸ್ಕಾರ ಮತ್ತು ನೌಕರರ ಆಯ್ಕೆ

ಉದ್ಯೋಗಾಕಾಂಕ್ಷಿಯನ್ನು ಸಂದರ್ಶಿಸುವ ಅಧಿಕಾರಿಗಳ ಬಾಯಲ್ಲಿ ಇಂದು ಒಂದು ಮಾತು ಪದೇ ಪದೇ ಕೇಳಿಬರುತ್ತದೆ: 'ಅಭ್ಯರ್ಥಿ ಸಂಸ್ಥೆಯ ಸಂಸ್ಕೃತಿಗೆ ಹೊಂದಿಕೊಳ್ಳುವನೇ?' ಪ್ರಶ್ನೆ ಯೋಗ್ಯವಾದದ್ದೇ. ಆದರೆ ಸಂಸ್ಕೃತಿಯೆಂದರೆ ಗೋಡೆಗೆ ತೂಗುಹಾಕಿದ ಧ್ಯೇಯವಾಕ್ಯವಲ್ಲ. ಮೇಲಧಿಕಾರಿಯ ಕಣ್ಣು ಇಲ್ಲದಿರುವಾಗ ಕೆಲಸ ಹೇಗೆ ನಡೆಯುತ್ತದೆ, ತಪ್ಪಾದಾಗ ಹೊಣೆ ಯಾರ ತಲೆಗೆ ಬೀಳುತ್ತದೆ ಎಂಬುದೇ ಅದರ ನಿಜವಾದ ಒರೆಗಲ್ಲು. ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಸಾಕು. ಸಂಸ್ಥೆಯೊಂದರ ವಿಷಯದಲ್ಲಿ ಅದರ ನೇಮಕಾತಿಯ ರೀತಿಯೇ ಆ ಅಗುಳು.

ಇದಕ್ಕೆ ಕರಾವಳಿ ಕರ್ನಾಟಕದ ಬ್ಯಾಂಕುಗಳಿಗಿಂತ ಉತ್ತಮ ನಿದರ್ಶನ ಬೇಕಿಲ್ಲ. 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಕೆನರಾ ಬ್ಯಾಂಕಿಗೆ ನಾಂದಿ ಹಾಡಿದರು. 1925ರಲ್ಲಿ ಉಡುಪಿಯಲ್ಲಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿದ ಸಂಸ್ಥೆ ಹುಟ್ಟಿತು. ಅದರ ಸಂಸ್ಥಾಪಕರಲ್ಲೊಬ್ಬರಾದ ಡಾ. ಟಿ. ಎಂ. ಎ. ಪೈಗಳು ವೃತ್ತಿಯಿಂದ ವೈದ್ಯರು. 1928ರಲ್ಲಿ ಆರಂಭವಾದ ಅದರ ಪಿಗ್ಮಿ ಠೇವಣಿ ಯೋಜನೆಯಲ್ಲಿ ಬ್ಯಾಂಕಿನ ಪ್ರತಿನಿಧಿಯೇ ದಿನನಿತ್ಯ ಮನೆಬಾಗಿಲಿಗೆ ಹೋಗಿ ಎರಡಾಣೆಯಷ್ಟು ಅಲ್ಪ ಮೊತ್ತವನ್ನೂ ಸಂಗ್ರಹಿಸುತ್ತಿದ್ದ. ಈ ಕೆಲಸಕ್ಕೆ ಲೆಕ್ಕದ ಜ್ಞಾನವೊಂದೇ ಸಾಲದು. ಊರಿನ ಮಾತು, ಜನರ ವಿಶ್ವಾಸ, ಸೌಜನ್ಯ ಇವೂ ಬೇಕು. ಆದುದರಿಂದಲೇ ಪರಿಚಿತರ ಮೂಲಕ ನೌಕರರನ್ನು ಆರಿಸುವ ಪದ್ಧತಿ ಅಂದಿನ ಸಂಸ್ಥೆಗಳಿಗೆ ಸಹಜವಾಗಿ ಒಗ್ಗಿತ್ತು.

ಈ ಪದ್ಧತಿಗೆ ಇನ್ನೊಂದು ಮುಖವೂ ಇತ್ತೆಂಬುದನ್ನು ಅಲ್ಲಗಳೆಯಲಾಗದು. ಹೆಸರು ಹೇಳಿ ಪರಿಚಯಿಸುವ ಬಂಧುವಿಲ್ಲದವನಿಗೆ ಪರಿಚಯದ ಬಾಗಿಲು ಮುಚ್ಚಿದ ಬಾಗಿಲೇ ಸರಿ. ಮುಂಬಯಿಯಲ್ಲಿ ಹಗಲು ಹೋಟೆಲಿನಲ್ಲಿ ದುಡಿದು, ಇರುಳು ಕನ್ನಡ ರಾತ್ರಿಶಾಲೆಯಲ್ಲಿ ಓದಿದ ಹುಡುಗರಿಗೆ ಶಿಫಾರಸಿನ ಬಲವಿರಲಿಲ್ಲ, ಬೆವರಿನ ಬಲವಿತ್ತು. 1969ರಲ್ಲಿ ಕೆನರಾ ಮತ್ತು ಸಿಂಡಿಕೇಟ್, 1980ರಲ್ಲಿ ಕಾರ್ಪೊರೇಷನ್ ಮತ್ತು ವಿಜಯಾ ಬ್ಯಾಂಕುಗಳು ರಾಷ್ಟ್ರೀಕರಣಗೊಂಡವು. ಬಹಿರಂಗ ಪರೀಕ್ಷೆ ಹಾಗೂ ಮೀಸಲಾತಿ ಅಂಥವರಿಗೂ ಬಾಗಿಲು ತೆರೆದವು. 2011ರಿಂದ ಐ.ಬಿ.ಪಿ.ಎಸ್. ಸಂಸ್ಥೆ ಸರ್ಕಾರಿ ವಲಯದ ಬ್ಯಾಂಕುಗಳಿಗಾಗಿ ಸಾಮಾನ್ಯ ಲಿಖಿತ ಪರೀಕ್ಷೆಯನ್ನು ನಡೆಸತೊಡಗಿತು. ಇದು ನ್ಯಾಯದ ಹಾದಿಯಲ್ಲಿ ದೊಡ್ಡ ಹೆಜ್ಜೆ.

ಆದರೂ ಪರೀಕ್ಷೆ ಅಳೆಯುವುದು ಲೆಕ್ಕದ ವೇಗವನ್ನು, ತರ್ಕದ ಚುರುಕನ್ನು. ನಡುಗುವ ಕೈಯಿಂದ ಸಹಿ ಮಾಡುವ ವೃದ್ಧ ಪಿಂಚಣಿದಾರನೊಡನೆ ತಾಳ್ಮೆಯಿಂದ ವರ್ತಿಸುವ ಗುಣವನ್ನು ಅದು ಅಳೆಯಲಾರದು. ಆ ಕೊರತೆಯನ್ನು ತುಂಬಬೇಕಾದುದು ಸಂದರ್ಶನ, ತರಬೇತಿ ಹಾಗೂ ಹಿರಿಯರ ಮೇಲ್ಪಂಕ್ತಿ. 2019ರಲ್ಲಿ ವಿಜಯಾ ಬ್ಯಾಂಕ್ ಬ್ಯಾಂಕ್ ಆಫ್ ಬರೋಡದಲ್ಲಿಯೂ, 2020ರಲ್ಲಿ ಸಿಂಡಿಕೇಟ್ ಕೆನರಾದಲ್ಲಿಯೂ ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿನಲ್ಲಿಯೂ ವಿಲೀನಗೊಂಡವು. ನಾಮಫಲಕ ಒಂದು ದಿನದಲ್ಲಿ ಬದಲಾಗಬಹುದು; ಕೆಲಸದ ರೂಢಿ ಅಷ್ಟು ಸುಲಭವಾಗಿ ಬದಲಾಗುವುದಿಲ್ಲ.

ಇಂದಿನ ಖಾಸಗಿ ಕಂಪನಿಗಳು 'ಹೊಂದಿಕೆ'ಯ ಹೆಸರಿನಲ್ಲಿ ಹಳೆಯ ಪರಿಚಯದ ಪದ್ಧತಿಯನ್ನೇ ಹೊಸ ಉಡುಪಿನಲ್ಲಿ ತರಬಾರದು. ಒಂದೇ ಕಾಲೇಜು, ಒಂದೇ ಬಗೆಯ ಇಂಗ್ಲಿಷ್, ಒಂದೇ ಅಭಿರುಚಿ, ಇವು ಸಂಸ್ಕೃತಿಯಲ್ಲ, ಕೇವಲ ಸಾದೃಶ್ಯ. ಪ್ರಾಮಾಣಿಕತೆ, ಕಲಿಯುವ ಮನಸ್ಸು, ಸಹೋದ್ಯೋಗಿಗಳ ಬಗೆಗಿನ ಗೌರವ, ಇವು ನಿಜವಾದ ಹೊಂದಿಕೆಯ ಲಕ್ಷಣಗಳು. ಎಲ್ಲ ಅಭ್ಯರ್ಥಿಗಳಿಗೂ ಅವೇ ಪ್ರಶ್ನೆಗಳನ್ನು ಕೇಳಬೇಕು. ಸಂದರ್ಶಕರು ಪರಸ್ಪರ ಚರ್ಚಿಸುವ ಮುನ್ನ ತಮ್ಮ ತಮ್ಮ ಅಂಕಗಳನ್ನು ಬರೆದಿಡಬೇಕು. ಮಾಡಬೇಕಾದ ಕೆಲಸದ ಒಂದು ತುಣುಕನ್ನೇ ಮಾಡಿಸಿ ನೋಡುವುದು ಮತ್ತೂ ಲೇಸು.

ಆಯ್ಕೆಯ ಹಕ್ಕು ಅಭ್ಯರ್ಥಿಗೂ ಉಂಟು. ಈ ಹುದ್ದೆಯಲ್ಲಿ ಹಿಂದೆ ಇದ್ದವರು ಏಕೆ ಬಿಟ್ಟರು, ಕಚೇರಿಯ ದೀಪ ಎಷ್ಟು ಹೊತ್ತಿಗೆ ಆರುತ್ತದೆ, ಕಾಯಿಲೆಯ ರಜೆ ಕೇಳಿದವನನ್ನು ಹೇಗೆ ಕಾಣುತ್ತಾರೆ ಎಂದು ಅವನು ವಿನಯದಿಂದಲೇ ವಿಚಾರಿಸಬೇಕು. ನಿದ್ರೆಗೆಟ್ಟು ರಕ್ತದೊತ್ತಡ ತಂದುಕೊಳ್ಳುವ ನೌಕರಿಯ ಸಂಬಳವನ್ನು ಲೆಕ್ಕ ಹಾಕುವಾಗ, ಆರೋಗ್ಯದ ನಷ್ಟವನ್ನು ಖರ್ಚಿನ ಪಟ್ಟಿಗೆ ಸೇರಿಸದಿದ್ದರೆ ಆ ಆಢಾವೆಯೇ ಸುಳ್ಳಾಗುತ್ತದೆ.

ಹೊರನಾಡ ಕನ್ನಡಿಗರಲ್ಲಿ ಅನೇಕರು ಇಂದು ನೇಮಕ ಮಾಡುವ ಸ್ಥಾನದಲ್ಲಿದ್ದಾರೆ. 'ನಮ್ಮ ಊರಿನ ಹುಡುಗ' ಎಂಬ ಮಮತೆ ಸಹಜ. ಅವನಿಗೆ ಖಾಲಿ ಹುದ್ದೆಯ ಸುದ್ದಿ ತಿಳಿಸಲಿ, ಪರೀಕ್ಷೆಗೆ ಪಾಠ ಹೇಳಲಿ, ಸ್ಥಳೀಯ ಭಾಷೆಯನ್ನು ಕಲಿಸಲಿ, ಇರಲು ನೆಲೆ ಒದಗಿಸಲಿ. ಸಂಘ ಮಾಡಬೇಕಾದ ಸೇವೆ ಇದೇ. ಆದರೆ ಆಯ್ಕೆಯ ಮೇಜಿನ ಮುಂದೆ ಅವನ ಅರ್ಹತೆಯೇ ಮಾತನಾಡಲಿ. ಶಿಫಾರಸಿನಿಂದ ಒಳಹೊಕ್ಕವನು ಋಣದ ಭಾರ ಹೊತ್ತು ಬಾಳಬೇಕಾಗುತ್ತದೆ. ಅರ್ಹತೆಯಿಂದ ಹೊಕ್ಕವನು ತಲೆಯೆತ್ತಿ ದುಡಿಯುತ್ತಾನೆ. ಅಂಥ ದುಡಿಮೆಗಾರರಿಂದಲೇ ಸಂಸ್ಥೆಯ ಸಂಸ್ಕಾರ ರೂಪುಗೊಳ್ಳುತ್ತದೆ.