ಮೆರೆಯದ ಸಿರಿ ಮತ್ತು ಲಕ್ಕಮ್ಮನವರ ಪ್ರಶ್ನೆ



2008ರಲ್ಲಿ ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ಆರಂಭವಾದ ಮೇಲೆ ನಮ್ಮ ಸೀಮೆಯ ಭೂಮಿಯ ಬೆಲೆ ಗಗನಕ್ಕೇರಿತು. ಜಮೀನು ಮಾರಿದ ಕೆಲವರ ಮನೆಯ ಮುಂದೆ ಥಳಥಳಿಸುವ ಕಾರುಗಳು ಬಂದು ನಿಂತವು. ಈಗ ಸಿರಿವಂತರಲ್ಲಿ ಬೇರೊಂದು ಅಭಿರುಚಿ ಮೂಡಿದೆ. ಬೆಲೆ ಅಪಾರ, ನೋಟ ಸಾಧಾರಣ. ಜರ್ಮನಿಯ ಕೆಲವು ಕಂಪನಿಗಳು ಬಯಸಿದವರಿಗೆ ಕಾರಿನ ಹಿಂಬದಿಯ ಮಾದರಿ ಹೆಸರನ್ನೇ ತೆಗೆದುಕೊಡುತ್ತವೆ.

ಮೆರೆಯದಿರುವುದು ಒಳ್ಳೆಯದೇ, ನೆರೆಹೊರೆಯ ಪೈಪೋಟಿ ತಗ್ಗುತ್ತದೆ. ಆದರೆ ಇದನ್ನೇ ಸರಳತೆ ಎನ್ನಬಹುದೇ?

ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯುವುದು ಮಾರಯ್ಯನವರ ಕಾಯಕ. ಒಂದು ದಿನ ಅವರು ನಿತ್ಯಕ್ಕಿಂತ ಹೆಚ್ಚು ತಂದಾಗ, ಸತಿ ಲಕ್ಕಮ್ಮನವರು ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರಲು ಹೇಳಿದರು. ಯಾರಿಗೆ ಕಾಣುತ್ತದೆ ಎಂಬುದು ಆ ತಾಯಿಯ ಚಿಂತೆಯಾಗಿರಲಿಲ್ಲ. ಇಂದಿಗೆ ಎಷ್ಟು ಸಾಕು ಎಂಬುದೇ ಅವರ ಪ್ರಶ್ನೆ.

ಮುಚ್ಚಿಟ್ಟರೂ ಸಿರಿ ಸಿರಿಯೇ. ಬಲ್ಲವರು ಮಾತ್ರ ಗುರುತಿಸಲಿ ಎಂಬ ಒಳಹಿಗ್ಗು ಅಹಂಕಾರದ ಸೂಕ್ಷ್ಮರೂಪ. ಕಾರು ಕೊಳ್ಳುವುದು ತಪ್ಪಲ್ಲ. ಕೊಳ್ಳುವಾಗ ಲಕ್ಕಮ್ಮನವರ ಪ್ರಶ್ನೆ ನೆನಪಿರಲಿ. ಮಿಕ್ಕದ್ದು ದಾಸೋಹಕ್ಕೆ ಸಲ್ಲಲಿ. ಕಾರಿನ ಮೇಲೆ ಬೇಡವಾದ ಹೆಸರು ದಾನದ ಕಲ್ಲಿನ ಮೇಲೂ ಬೇಡ.